ಸರಾಸರಿ ಮಳೆಯಲ್ಲಿ ಯಾರ ತಲೆಯೂ ನೆನೆಯುವುದಿಲ್ಲ

ಜೂನ್ ಬಂತೆಂದರೆ ಸಾಕು, ಕನ್ನಡದ ಬ್ಲಾಗುಗಳೆಲ್ಲ ತೊಯ್ದು ತೊಪ್ಪೆಯಾಗಿಬಿಡುತ್ತವೆ. ಹೆಂಚಿನ ಮಾಡಿನಿಂದ ಇಳಿಯುವ ನೀರಿನ ಧಾರೆ, ಬಚ್ಚಲೊಲೆಯ ಬೆಂಕಿ, ಹಲಸಿನ ಹಪ್ಪಳ, ಕಾಲಿಗೆ ಹತ್ತಿದ ಇಂಬಳ, ಮಳೆಗೆ ರಜೆ ಕೊಟ್ಟ ಹೆಡ್ಮಾಸ್ತರು... ಓದೋಕೆ ಚೆನ್ನಾಗಿಯೇ ಇರುತ್ತೆ. ನಾನೂ ಓದ್ತೀನಿ, 'ಸೂಪರ್' ಅಂತ ಕಮೆಂಟೂ ಹಾಕ್ತೀನಿ. ಆದರೆ ಹತ್ತು ಬರಹ ಓದಿ ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಹೊಟ್ಟೆಯೊಳಗೆ ಏನೋ ಚುರ್ ಅನ್ನುತ್ತೆ. ಯಾಕೆಂದರೆ ಅಷ್ಟೊತ್ತಿಗೆ ನಮ್ಮ ಚಳ್ಳಕೆರೆ ಕಡೆ ಮಳೆಯೇ ಬಂದಿರುವುದಿಲ್ಲ. ಬಂದಿರುವುದು ಗಾಳಿ.

ಕನ್ನಡದಲ್ಲಿ ಮಳೆ ಅಂದರೆ ಮಲೆನಾಡಿನ ಮಳೆ ಅಂತ ಯಾರು ಯಾವಾಗ ಠರಾವು ಮಾಡಿದರೋ ಗೊತ್ತಿಲ್ಲ. 2006ರ ಕೊನೆಯಲ್ಲಿ 'ಮುಂಗಾರು ಮಳೆ' ಸಿನಿಮಾ ಬಂದ ಮೇಲಂತೂ ಅದಕ್ಕೆ ಸೀಲು ಬಿದ್ದು ಮುಗಿಯಿತು. ಸಕಲೇಶಪುರ, ಮಡಿಕೇರಿ, ಜೋಗ. ಮಳೆ ಅಂದರೆ ಅದೇ, ಉಳಿದದ್ದೆಲ್ಲ 'ಬರಪೀಡಿತ ಪ್ರದೇಶ'. ಬಯಲುಸೀಮೆಗೆ ಋತುಗಳೇ ಇಲ್ಲ, ಅಲ್ಲಿರುವುದು ಬಿಸಿಲು, ಜಾಸ್ತಿ ಬಿಸಿಲು, ಇನ್ನೂ ಜಾಸ್ತಿ ಬಿಸಿಲು ಅನ್ನುವ ಜೋಕು ನೀವೂ ಕೇಳಿರುತ್ತೀರಿ. ಹೇಳಿರಲೂಬಹುದು :)

ಇದು ಬರೀ ಬರಹಗಾರರ ಮೇಲಿನ ಸಿಟ್ಟಾಗಿದ್ದರೆ ನಾನು ಇಷ್ಟುದ್ದ ಬರೆಯೋಕೆ ಕೂರುತ್ತಿರಲಿಲ್ಲ. ಬ್ಲಾಗಿನಲ್ಲಿ ಮಳೆಯನ್ನು ನೋಡುವ ಈ ಕಣ್ಣೇ ಪೇಪರಿನಲ್ಲೂ ಇದೆ, ಸರ್ಕಾರದ ಕಡತದಲ್ಲೂ ಇದೆ, ವಿಮೆಯ ಫಾರ್ಮುಲಾದಲ್ಲೂ ಇದೆ. ಅದಕ್ಕೆ ಗೊತ್ತಿರುವುದು ಒಂದೇ ಪ್ರಶ್ನೆ: ಎಷ್ಟು ಮಳೆ? ನಮ್ಮ ತಾಲ್ಲೂಕಿಗೆ ಬೇಕಾದ ಪ್ರಶ್ನೆಯೇ ಬೇರೆ: ಯಾವಾಗ ಬಂತು, ಮುಂದಿನದು ಎಷ್ಟು ದಿನ ಬಿಟ್ಟು ಬಂತು?

ಮೊದಲು ಭೂಗೋಳ ಸ್ವಲ್ಪ ಹೇಳಿಬಿಡುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ. ಅಲ್ಲಿಂದ ಹಕ್ಕಿ ನೇರ ಹಾರಿದರೆ ಚಳ್ಳಕೆರೆ 200 ಕಿಲೋಮೀಟರ್ ಕೂಡ ಆಗುವುದಿಲ್ಲ. ಇಲ್ಲಿ 500 ದಾಟಿದರೆ ಒಳ್ಳೆಯ ವರ್ಷ. ಅರಬ್ಬೀ ಸಮುದ್ರದಿಂದ ಬಂದ ಗಾಳಿ ಘಟ್ಟ ಹತ್ತುವಾಗ ಹೊತ್ತಿದ್ದನ್ನೆಲ್ಲ ಅಲ್ಲೇ ಸುರಿದು, ಈ ಕಡೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಮಳೆ ನೆರಳು ಅಂತ ಹೈಸ್ಕೂಲಿನಲ್ಲಿ ಎರಡು ಮಾರ್ಕಿಗೆ ಬರೆದದ್ದು ಇದನ್ನೇ. ಆ ಗಾಳಿ ಮಾತ್ರ ನಿಲ್ಲುವುದಿಲ್ಲ. ಆಷಾಢದಲ್ಲಿ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿ, ವರ್ಷದಲ್ಲೇ ಅತಿ ಜೋರಾಗಿ ತಿರುಗುವುದು ಆಗಲೇ. ಮೋಡಗಳು ತಗ್ಗಿನಲ್ಲಿ, ಕೈಗೆ ಸಿಗುವ ಹಾಗೆ, ಪೂರ್ವಕ್ಕೆ ಓಡುತ್ತಿರುತ್ತವೆ. ಆಂಧ್ರದ ಕಡೆ ಮದುವೆಗೆ ಹೊರಟ ದಿಬ್ಬಣದ ಲಾರಿಗಳ ಹಾಗೆ. ಕೈ ಅಡ್ಡ ಹಾಕಿದರೂ ನಿಲ್ಲಿಸುವುದಿಲ್ಲ.

ಹಾಗಾದರೆ ನಮ್ಮ ಮಳೆ ಯಾವುದು? ಮೇ ತಿಂಗಳಲ್ಲಿ ಸಂಜೆ ಗುಡುಗು ಸಿಡಿಲಿನ ಜೊತೆ ಬರುವ ಅಡ್ಡಮಳೆಗಳು ಒಂದಿಷ್ಟು. ಅದರಲ್ಲಿ ಹೊಲ ಉಳುತ್ತಾರೆ. ಆಮೇಲೆ ಜೂನ್ ಜುಲೈ ತಗ್ಗು, ಗಾಳಿ ಮತ್ತು ತುಂತುರು. ಆಗಸ್ಟ್ ಕೊನೆಗೆ ಪಡುವಣ ಗಾಳಿಯ ಜೋರು ಕಮ್ಮಿಯಾದ ಮೇಲೆ ರಾತ್ರಿ ಹೊತ್ತು ಗುಡುಗು ಶುರು. ಸೆಪ್ಟೆಂಬರ್, ಅಕ್ಟೋಬರ್ ನಮ್ಮ ನಿಜವಾದ ಮಳೆಗಾಲ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮಲೆನಾಡಿನವರಿಗೆ ಅಡಿಕೆ ಕೊಯ್ಲಿಗೆ ತೊಂದರೆ, ನಮ್ಮವರಿಗೆ ಕೆರೆಗೆ ನೀರು. ಇಡೀ ವರ್ಷದಲ್ಲಿ ಮಳೆ ದಿನ ಅಂತ ಅನ್ನಿಸಿಕೊಳ್ಳುವುದು (ಅಂದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಮೇಲೆ ಬಿದ್ದ ದಿನ) ಮೂವತ್ತು ನಲವತ್ತು. ಉಳಿದ ಮುನ್ನೂರಿಪ್ಪತ್ತು ಚಿಲ್ಲರೆ ದಿನ ಆಕಾಶ ಖಾಲಿ, ಇಲ್ಲವೇ ಸುಳ್ಳು ಮೋಡ.

ಈಗ ಮಜಾ ನೋಡಿ. ಸರ್ಕಾರಿ ಕ್ಯಾಲೆಂಡರಿನಲ್ಲಿ ಮುಂಗಾರು ಜೂನ್ 1ಕ್ಕೆ ಶುರುವಾಗಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಅಕ್ಟೋಬರ್ 1ರಿಂದ ಹಿಂಗಾರಿನ ಹೊಸ ಖಾತೆ. ದೇಶಕ್ಕೆಲ್ಲ ಒಂದು ಗೆರೆ ಬೇಕಲ್ಲ, ಸರಿ. ಆದರೆ ಆ ಗೆರೆ ಬಿದ್ದಿರುವುದು ನಮ್ಮ ಮಳೆಗಾಲದ ನಟ್ಟ ನಡುವೆ! ಬೀಳಬೇಕಾದ ನಾಲ್ಕು ಮಳೆ ಹತ್ತು ದಿನ ತಡವಾಗಿ ಅಕ್ಟೋಬರ್ ಮೊದಲ ವಾರದಲ್ಲಿ ಬಿದ್ದವು ಅನ್ನಿ. ಕಾಗದದ ಮೇಲೆ ಏನಾಗುತ್ತೆ? 'ಮುಂಗಾರು ಕೊರತೆ' ಅಂತ ಒಂದು ವರದಿ, ತಿಂಗಳು ಕಳೆದ ಮೇಲೆ 'ಹಿಂಗಾರು ಅಧಿಕ' ಅಂತ ಇನ್ನೊಂದು ವರದಿ. ಎರಡೂ ನಿಜ, ಎರಡೂ ನಿಷ್ಪ್ರಯೋಜಕ. ಹೊಲದಲ್ಲಿ ನಿಂತವನಿಗೆ ಕೊರತೆಯೂ ಆಗಿಲ್ಲ, ಅಧಿಕವೂ ಆಗಿಲ್ಲ, ಹತ್ತು ದಿನ ತಡ ಆಗಿದೆ ಅಷ್ಟೆ. ಆ ಹತ್ತು ದಿನದಲ್ಲಿ ಅವನ ಬೆಳೆ ಏನಾಯಿತು ಅನ್ನೋದು ಎರಡೂ ವರದಿಯಲ್ಲಿ ಇರೋದಿಲ್ಲ.

ಇದಕ್ಕೆ ಹೋಲಿಸಿದರೆ ನಮ್ಮ ಮಳೆ ನಕ್ಷತ್ರಗಳ ಲೆಕ್ಕ ಎಷ್ಟೋ ವಾಸಿ. ಸೂರ್ಯನ ವರ್ಷವನ್ನು 27 ತುಂಡು ಮಾಡಿ, ಒಂದೊಂದು ತುಂಡಿಗೂ ಹದಿಮೂರು ಹದಿನಾಲ್ಕು ದಿನ ಕೊಟ್ಟು ಹೆಸರಿಟ್ಟ ಲೆಕ್ಕ. ಹಸ್ತೆ ಮಳೆ ಸೆಪ್ಟೆಂಬರ್ 27ರ ಸುಮಾರಿಗೆ ಹುಟ್ಟಿ ಅಕ್ಟೋಬರ್ 10ರ ತನಕ ಇರುತ್ತೆ. ಸೆಪ್ಟೆಂಬರ್ 30ರ ರಾತ್ರಿ ಅದು ಖಾತೆ ಬದಲಾಯಿಸುವುದಿಲ್ಲ. 'ಈ ಸಲ ಉತ್ತರೆ ಕೈಕೊಟ್ಟಿತು, ಹಸ್ತೆ ಚಿತ್ತೆ ಹಿಡಿದವು' ಅಂತ ಊರಿನಲ್ಲಿ ಫೋನಿನಲ್ಲಿ ಹೇಳಿದರೆ ಒಂದು ಸಾಲಿನಲ್ಲಿ ಎರಡು ತಿಂಗಳ ಚಿತ್ರ ಸಿಕ್ಕಿಬಿಡುತ್ತೆ. ಜಿಲ್ಲಾ ಸರಾಸರಿಯ ಶೇಕಡಾವಾರು ಕೊಟ್ಟರೆ ಏನೂ ಸಿಗುವುದಿಲ್ಲ.

ಹಾಗಂತ 'ನೋಡಿ ನಮ್ಮ ಪೂರ್ವಜರ ವಿಜ್ಞಾನ' ಅಂತ ಕುಣಿಯೋಕೆ ಹೊರಟವರು ಸ್ವಲ್ಪ ಕೂತುಕೊಳ್ಳಿ. ನಕ್ಷತ್ರ ಮಳೆ ತರುವುದಿಲ್ಲ. ಅದು ಪಂಚಾಂಗ, ಮುನ್ಸೂಚನೆ ಅಲ್ಲ. ಅದೂ ಜಾರುವ ಪಂಚಾಂಗ. ಭೂಮಿಯ ಅಕ್ಷದ ತೊನೆದಾಟದಿಂದಾಗಿ ನಕ್ಷತ್ರದ ವರ್ಷಕ್ಕೂ ಋತುವಿನ ವರ್ಷಕ್ಕೂ ಸುಮಾರು 72 ವರ್ಷಕ್ಕೆ ಒಂದು ದಿನ ವ್ಯತ್ಯಾಸ ಬೀಳುತ್ತದೆ. ಸಾವಿರ ವರ್ಷಕ್ಕೆ ಹತ್ತಿರ ಹತ್ತಿರ ಒಂದು ನಕ್ಷತ್ರವೇ ಆಚೀಚೆ. ಅಂದರೆ ಮಘೆ ಮಳೆ ಬಗ್ಗೆ ನಾವು ಇವತ್ತು ಹೇಳುವ ಗಾದೆಯನ್ನು ಸಾವಿರ ವರ್ಷದ ಹಿಂದೆ ಯಾರಾದರೂ ಕಟ್ಟಿದ್ದರೆ ಅವನ ಮಘೆ ಇವತ್ತಿನ ಮಘೆ ಅಲ್ಲ. ಗಾದೆ ಹೇಳುವವರು ಕಾಲಕಾಲಕ್ಕೆ ತಿದ್ದಿಕೊಂಡು ಬಂದಿರಬೇಕು, ವರ್ಷನ್ ಕಂಟ್ರೋಲ್ ಇಲ್ಲದೆ! ನನಗೆ ಅದರಲ್ಲಿ ಬೇಕಿರುವುದು ನಕ್ಷತ್ರವಲ್ಲ, ಆ ಹದಿಮೂರು ದಿನದ ಅಳತೆಗೋಲು.

ಇನ್ನೊಂದು ಅಳತೆ ಇದೆ, ಅದರ ಮುಂದೆ ನನಗೆ ಮಿಲಿಮೀಟರು ಬಡವಾಗಿ ಕಾಣುತ್ತೆ. 'ಹದ'. ನೇಗಿಲು ಇಳಿಯುವಷ್ಟು, ಬೀಜ ಮೊಳೆಯುವಷ್ಟು ಮಣ್ಣು ನೆನೆದರೆ ಒಂದು ಹದ ಮಳೆ. ನಮ್ಮ ಕಡೆ 'ಈ ವರ್ಷ ಎಷ್ಟು ಮಳೆ' ಅಂದರೆ 'ಮೂರು ಹದ ಆಯ್ತು' ಅಂತಾರೆ. ಬರಿದಾದ ನೆಲಕ್ಕೆ ಬಿದ್ದು ಹರಿದುಹೋದ 60 ಮಿ.ಮೀ. ಕೂಡ ಒಂದೇ ಹದ, ಸಂಜೆಯಿಂದ ಬೆಳಗಿನ ತನಕ ನಿಧಾನ ಸುರಿದ 25 ಮಿ.ಮೀ. ಕೂಡ ಒಂದು ಹದ. ಆಕಾಶದಿಂದ ಎಷ್ಟು ಬಿತ್ತು ಅನ್ನೋದಕ್ಕಿಂತ ಮಣ್ಣಿನಲ್ಲಿ ಎಷ್ಟು ನಿಂತಿತು ಅನ್ನೋದನ್ನು ಅಳೆಯುವ ಮಾಪನ ಇದು. ಯಾವ ಪೇಪರಿನಲ್ಲಾದರೂ 'ಪರಶುರಾಂಪುರ ಹೋಬಳಿಯಲ್ಲಿ ಎರಡನೇ ಹದ' ಅಂತ ಸುದ್ದಿ ನೋಡಿದ್ದೀರಾ?

ಈಗ ನನ್ನ ಸಿಟ್ಟಿನ ಮೂಲಕ್ಕೆ ಬರುತ್ತೇನೆ, ಸರಾಸರಿಗೆ. ನಾವು ಸಾಫ್ಟ್‌ವೇರಿನವರು ಒಂದು ವಿಷಯದಲ್ಲಿ ಭಾರೀ ಹುಷಾರು. ಯಾರಾದರೂ ಬಂದು 'ನಮ್ಮ ಸರ್ವರಿನ ಸರಾಸರಿ ರೆಸ್ಪಾನ್ಸ್ ಟೈಮ್ 200 ಮಿಲಿಸೆಕೆಂಡ್' ಅಂದರೆ ಮೀಟಿಂಗಿನಲ್ಲಿ ನಗುತ್ತೇವೆ. ಸರಾಸರಿ ಬಿಡಪ್ಪಾ, ತೊಂಬತ್ತೊಂಬತ್ತನೇ ಪರ್ಸೆಂಟೈಲ್ ಹೇಳು, ಅತಿ ಕೆಟ್ಟ ಐದು ನಿಮಿಷದಲ್ಲಿ ಏನಾಯ್ತು ಹೇಳು ಅಂತೀವಿ. ಯಾಕೆಂದರೆ ಗ್ರಾಹಕ ಬಿಟ್ಟುಹೋಗುವುದು ಆ ಐದು ನಿಮಿಷದಲ್ಲಿ ಅಂತ ನಮಗೆ ಗೊತ್ತು. ಅದೇ ಇಂಜಿನಿಯರು ಟೀ ಕುಡಿಯುತ್ತಾ ಮೊಬೈಲು ನೋಡಿ 'ಏನ್ ಗುರೂ, ನಿಮ್ಮ ಜಿಲ್ಲೇಲಿ ಈ ಸಲ ಮಳೆ ನಾರ್ಮಲ್ ಅಂತಲ್ಲ, ಮತ್ಯಾಕೆ ಗೋಳು' ಅಂತ ಕೇಳುತ್ತಾನೆ. ನಾರ್ಮಲ್ ಅಂದರೆ ಏನು ಗೊತ್ತಾ? ವಾಡಿಕೆಗಿಂತ ಶೇಕಡಾ 19 ಕಮ್ಮಿಯಿಂದ ಶೇಕಡಾ 19 ಜಾಸ್ತಿವರೆಗೆ ಏನು ಬಂದರೂ ನಾರ್ಮಲ್. ಯಾವಾಗ ಬಂದರೂ ನಾರ್ಮಲ್.

ಶೇಂಗಾ ಉದಾಹರಣೆ ತಗೊಳ್ಳಿ. ಚಳ್ಳಕೆರೆ ಬೆಳೆದದ್ದೇ ಶೇಂಗಾ ಮೇಲೆ. ಸಾಲು ಸಾಲು ಎಣ್ಣೆ ಮಿಲ್ಲುಗಳಿದ್ದ ಊರು, ಎಣ್ಣೆ ನಗರ ಅಂತಲೇ ಹೆಸರು. ಮಳೆಯಾಶ್ರಿತ ಶೇಂಗಾವನ್ನು ಜೂನ್ ಕೊನೆಯಿಂದ ಜುಲೈ ಕೊನೆತನಕ ಹದ ಸಿಕ್ಕಾಗ ಬಿತ್ತುತ್ತಾರೆ. ನಾಲ್ಕು ತಿಂಗಳಿಗೆ ಸ್ವಲ್ಪ ಕಮ್ಮಿ ಅವಧಿಯ ಬೆಳೆ. ತಿಂಗಳಿಗೆ ಹೂವು. ಆ ಹೂವಿನ ಬುಡದಿಂದ ಸೂಜಿಯಂಥ ಒಂದು ಕಡ್ಡಿ ಇಳಿದು ನೆಲ ಹೊಕ್ಕು ಮಣ್ಣೊಳಗೆ ಕಾಯಿ ಕಟ್ಟುತ್ತೆ. ನಮ್ಮದು ಕೆಂಪು ಮಸಾರಿ ನೆಲ. ಎರಡು ವಾರ ಮಳೆ ತಪ್ಪಿದರೆ ಮೇಲ್ಪದರ ರೊಟ್ಟಿ ಹೆಂಚಿನ ಹಾಗೆ ಗಟ್ಟಿ. ಸೂಜಿ ಇಳಿಯೋದೇ ಇಲ್ಲ, ಗಿಡದಲ್ಲೇ ಒಣಗುತ್ತೆ. ಆಮೇಲೆ ಎಷ್ಟು ಮಳೆ ಬಂದರೂ ಗಿಡ ಹಸಿರಾಗಿ ನಿಲ್ಲುತ್ತೆ. ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದವರು 'ಈ ಸಲ ಬೆಳೆ ಚೆನ್ನಾಗಿದೆ' ಅಂತಾರೆ. ಕಿತ್ತು ನೋಡಿದರೆ ಬೇರಿನಲ್ಲಿ ಎರಡು ಕಾಯಿ, ಅದೂ ಜೊಳ್ಳು.

ಇನ್ನೊಂದು ತುದಿ ಕಟಾವಿನದು. ನಮ್ಮಲ್ಲಿ ಇವತ್ತಿಗೂ ಜಾಸ್ತಿ ಬಿತ್ತುವುದು ಟಿಎಂವಿ-2 ಅನ್ನುವ, ಸ್ವಾತಂತ್ರ್ಯಕ್ಕಿಂತ ಹಳೆಯ ತಳಿ. ಗೊಂಚಲು ಜಾತಿಯ ಈ ಶೇಂಗಾ ಬೀಜಕ್ಕೆ ಸುಪ್ತಾವಸ್ಥೆ ಇಲ್ಲ. ಬಲಿತ ಮೇಲೆ ತೇವ ಸಿಕ್ಕಿದರೆ ನೆಲದೊಳಗೇ ಮೊಳಕೆ. ಕಿತ್ತು ಹಾಕಿದ ಬಳ್ಳಿಯ ಮೇಲೆ ಮಳೆ ಬಿದ್ದರೆ ಕಾಯಿ ಕಪ್ಪು, ಹೊಟ್ಟು ಬೂಸ್ಟು. ದನಕ್ಕೂ ಇಲ್ಲ, ಮಿಲ್ಲಿಗೂ ಇಲ್ಲ. 2021ರ ನವೆಂಬರ್ ನೆನಪಿಸಿಕೊಳ್ಳಿ, ರಾಜ್ಯದ ದಕ್ಷಿಣ ಒಳನಾಡಿನಲ್ಲಿ ವಾಡಿಕೆಯ ಎಷ್ಟೋ ಪಟ್ಟು ಮಳೆ ಸುರಿದು ಕುಯ್ಲಿಗೆ ಬಂದ ರಾಗಿ, ಶೇಂಗಾ ಎಲ್ಲ ಹೊಲದಲ್ಲೇ ಹಾಳಾಯಿತು. ಆ ಮಳೆಯೂ ಸರಾಸರಿಗೆ ಸೇರಿಕೊಂಡಿತು. ಬೆಳೆ ಕೊಂದ ಮಳೆ ಲೆಕ್ಕದ ಪುಸ್ತಕದಲ್ಲಿ ಜಮಾ ಬದಿಗೆ ಬರುತ್ತೆ ಸ್ವಾಮೀ, ಖರ್ಚಿನ ಬದಿಗಲ್ಲ.

ಎರಡು ವರ್ಷ ಊಹಿಸಿಕೊಳ್ಳಿ, ಎರಡರಲ್ಲೂ 480 ಮಿ.ಮೀ. ಮಳೆ. ಮೊದಲನೇ ವರ್ಷ ಮೇನಲ್ಲಿ 80, ಜುಲೈನಲ್ಲಿ 70, ಆಗಸ್ಟ್‌ನಲ್ಲಿ 110, ಸೆಪ್ಟೆಂಬರ್‌ನಲ್ಲಿ 150, ಅಕ್ಟೋಬರ್ ಮೊದಲ ವಾರಕ್ಕೆ 70, ಆಮೇಲೆ ಬಿಸಿಲು. ಎರಡನೇ ವರ್ಷ ಮೇನಲ್ಲಿ 120, ಜುಲೈನಲ್ಲಿ 60, ಆಗಸ್ಟ್ ಪೂರ್ತಿ ಸೊನ್ನೆ, ಸೆಪ್ಟೆಂಬರ್ ಕೊನೆಗೆ ಮೂರು ರಾತ್ರಿಯಲ್ಲಿ 180, ನವೆಂಬರಿನಲ್ಲಿ 120. ಮೊದಲನೇ ವರ್ಷ ಮಗಳ ಮದುವೆ. ಎರಡನೇ ವರ್ಷ ಮಗಳ ಮದುವೆ ಮುಂದಕ್ಕೆ, ಮಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ. ಸರಾಸರಿಯ ಪ್ರಕಾರ ಎರಡೂ ಅವಳಿ ಜವಳಿ.

ಇದು ಕಲ್ಪನೆ ಅನ್ನುವವರಿಗೆ ನಿಜವಾದದ್ದೇ ಕೊಡುತ್ತೇನೆ. 2022ರಲ್ಲಿ ಪಕ್ಕದ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಅದಕ್ಕೆ ಹಿಂದೆ ಬಿದ್ದದ್ದು 1933ರಲ್ಲಿ, ಅಂದರೆ 89 ವರ್ಷ! (ವೇದಾವತಿ ಹುಟ್ಟುವುದು ಬಾಬಾಬುಡನ್‌ಗಿರಿ ಕಡೆ, ಭದ್ರಾ ನೀರನ್ನೂ ಹರಿಸಿದ್ದರು, ಹಾಗಾಗಿ ಅದು ಪೂರ್ತಿ ನಮ್ಮ ಮಳೆಯಲ್ಲ. ಆದರೂ ನಮ್ಮ ಕಡೆಯೂ ಆ ವರ್ಷ ಕೆರೆಗಳು ಉಕ್ಕಿದವು.) ಮುಂದಿನ ವರ್ಷವೇ, 2023ರಲ್ಲಿ, ಆಗಸ್ಟ್ ತಿಂಗಳು ದೇಶಕ್ಕೇ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ಸೆಪ್ಟೆಂಬರಿನಲ್ಲಿ ಸರ್ಕಾರ 195 ತಾಲ್ಲೂಕುಗಳಲ್ಲಿ ಬರ ಘೋಷಿಸಿತು, ಅದು ಬೆಳೆದು 236ರಲ್ಲಿ 223 ಆಯಿತು. ಇಡೀ ದೇಶದ ಲೆಕ್ಕದಲ್ಲಿ ಆ ಮುಂಗಾರು ವಾಡಿಕೆಯ ಶೇಕಡಾ 94, ಕೇಳೋಕೆ ಅಂಥಾ ಭೀಕರವೇನಲ್ಲ. ಇನ್ನು 2022 ಮತ್ತು 2023 ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿ ನೋಡಿ. ಸಿಗುವ ಸಂಖ್ಯೆ ಆ ಎರಡರಲ್ಲಿ ಯಾವ ವರ್ಷವೂ ಬಾರದ ಮಳೆ. ಅಂಥ ಮಳೆಯನ್ನು ನಂಬಿ ಯಾರೂ ಬಿತ್ತೋಕೆ ಆಗಲ್ಲ.

ಇದೆಲ್ಲ ಬರೀ ಅಂಕಿಅಂಶದ ಕ್ಯಾತೆ ಅಂತ ಅನ್ನಿಸಿದರೆ ಫಸಲ್ ಬಿಮಾ ಲೆಕ್ಕ ಓದಿ. 2016ರ ಮುಂಗಾರಿನಿಂದ ಬಂದ ಯೋಜನೆ. ರೈತನ ಪಾಲು ಮುಂಗಾರಿನ ಆಹಾರ, ಎಣ್ಣೆಕಾಳು ಬೆಳೆಗೆ ಶೇಕಡಾ 2. ಒಳ್ಳೆಯದೇ. ಪರಿಹಾರ ಯಾವಾಗ ಸಿಗುತ್ತೆ? ಈ ವರ್ಷದ ಇಳುವರಿ 'ಪ್ರಾರಂಭಿಕ ಇಳುವರಿ'ಗಿಂತ ಕಮ್ಮಿಯಾದಾಗ. ಅದನ್ನು ಕಟ್ಟುವುದು ಹೇಗೆ? ಹಿಂದಿನ 7 ವರ್ಷಗಳಲ್ಲಿ ಅತ್ಯುತ್ತಮ 5ರ ಸರಾಸರಿ ತೆಗೆದು, ಅದನ್ನು ಶೇಕಡಾ 70, 80 ಅಥವಾ 90ಕ್ಕೆ ಇಳಿಸಿ. ಎರಡು ಕೆಟ್ಟ ವರ್ಷ ಕೈಬಿಟ್ಟಿದ್ದೇವಲ್ಲ, ಎಷ್ಟು ಉದಾರ ಅಂತ ಅನ್ನಿಸಬಹುದು. ಮಂಡ್ಯಕ್ಕೋ ಶಿವಮೊಗ್ಗಕ್ಕೋ ಉದಾರವೇ. ಏಳರಲ್ಲಿ ನಾಲ್ಕು ವರ್ಷ ಕೆಡುವ ತಾಲ್ಲೂಕಿಗೆ? ಸುಮ್ಮನೆ ಲೆಕ್ಕಕ್ಕೆ ಅಂತ ಎಕರೆಗೆ ಕೆಜಿ ಇಳುವರಿ ಹಿಡಿಯೋಣ: 400, 350, 100, 80, 120, 380, 90. ಒಳ್ಳೆಯ ಐದು ಅಂದರೆ 400, 380, 350, 120, 100. ಸರಾಸರಿ 270. ಅದರ ಶೇಕಡಾ 80 ಅಂದರೆ 216. ಈ ವರ್ಷ 220 ಕೆಜಿ ಬಂದರೆ ಬಿಡಿಗಾಸೂ ಇಲ್ಲ. ನೆಟ್ಟಗೆ ಮಳೆಯಾದರೆ 380 ಬೆಳೆಯುವ ಹೊಲ ಅದು! ಪ್ರತೀ ಬರವೂ ಮುಂದಿನ ಬರದ ಪರಿಹಾರವನ್ನು ಕಮ್ಮಿ ಮಾಡುತ್ತಾ ಹೋಗುತ್ತೆ. ಸಿಬಿಲ್ ಸ್ಕೋರಿನ ಹಾಗೆ, ಒಮ್ಮೆ ಬಿದ್ದವನು ಎರಡನೇ ಸಲ ಬಿದ್ದರೆ ಅದು ಅವನ 'ವಾಡಿಕೆ'.

ಜೊತೆಗೆ ಇಳುವರಿ ನೋಡುವುದು ನಿಮ್ಮ ಹೊಲದ್ದಲ್ಲ, ಮುಖ್ಯ ಬೆಳೆಗೆ ಗ್ರಾಮ ಪಂಚಾಯ್ತಿಯದು, ಉಳಿದವಕ್ಕೆ ಹೋಬಳಿಯದು. ಎತ್ತಿನ ಒಂದು ಕೋಡು ನೆನೆದು ಇನ್ನೊಂದು ಒಣಗಿರುವ ಮಳೆ ಅಂತಾರಲ್ಲ, ಅಂಥ ಗುಡುಗಿನ ಮಳೆಯ ಸೀಮೆಯಲ್ಲಿ ರಸ್ತೆಯ ಆಚೆ ಬೆಳೆದವನ ಶೇಂಗಾ ಈಚೆ ಒಣಗಿದವನ ಅರ್ಜಿಯನ್ನು ತಿಂದುಹಾಕುತ್ತೆ.

ಬರ ಘೋಷಣೆಯಲ್ಲಿ ಮಾತ್ರ ಸ್ವಲ್ಪ ಬುದ್ಧಿ ಬಂದಿದೆ, ಒಪ್ಪಿಕೊಳ್ಳೋಣ. ಕೇಂದ್ರದ 2016ರ ಬರ ಕೈಪಿಡಿಯಲ್ಲಿ ಮಳೆಯ ಮೊತ್ತದ ಜೊತೆ ಸತತ ಒಣ ವಾರಗಳನ್ನೂ ಮಾನದಂಡ ಮಾಡಿದ್ದಾರೆ. ಆದರೆ ಅದಾದ ಮೇಲೆ ಬೆಳೆ, ತೇವಾಂಶ, ಉಪಗ್ರಹ ಚಿತ್ರದ ಸೂಚ್ಯಂಕಗಳು, ಆಮೇಲೆ ಹಳ್ಳಿಗಳ ಸ್ಥಳ ಪರಿಶೀಲನೆ. ಕೊನೆಗೆ 'ತೀವ್ರ' ಅಂತ ಬಂದರೆ ಮಾತ್ರ ಕೇಂದ್ರದ ನೆರವು, 'ಸಾಧಾರಣ' ಅಂತ ಬಂದರೆ ಇಲ್ಲ. 2023ರ ಬರಕ್ಕೆ ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್ ಕೊನೆಗೆ ಸಿಕ್ಕಿದ್ದು 3,454 ಕೋಟಿ. ಆಗಸ್ಟಿನಲ್ಲಿ ಒಣಗಿದ ಗಿಡಕ್ಕೆ ಮುಂದಿನ ಬೇಸಿಗೆಯಲ್ಲಿ ನೀರು. ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರ್ ಮಿತಿ. ಒಂದು ಎಕರೆಗೆ ಬೇಕಾಗುವ ಬೀಜದ ಶೇಂಗಾ ಬೆಲೆ ಸಂತೆಯಲ್ಲಿ ಒಮ್ಮೆ ವಿಚಾರಿಸಿ ಬನ್ನಿ.

'ಸರಾಸರಿ ಬಿಟ್ಟರೆ ಮತ್ತೇನಿದೆ, ಹವಾಗುಣ ಅಂದರೇನೇ ಮೂವತ್ತು ವರ್ಷದ ಸರಾಸರಿ ಅಲ್ಲವಾ' ಅಂತ ಕಾಮೆಂಟಿನಲ್ಲಿ ಬರೆಯೋಕೆ ಯಾರೋ ಬೆರಳು ಮಸೆಯುತ್ತಿರುತ್ತೀರಿ. ನಾನು ಸರಾಸರಿಯನ್ನು ಸುಟ್ಟುಹಾಕಿ ಅನ್ನುತ್ತಿಲ್ಲ. ಆಗುಂಬೆಯಲ್ಲಿ ಅದು ಕೆಲಸ ಮಾಡುತ್ತೆ. ಅಲ್ಲಿ ವರ್ಷ ವರ್ಷಕ್ಕೂ ಏರಿಳಿತ ಮೊತ್ತದ ಸಣ್ಣ ಪಾಲು, ಮತ್ತು ಜುಲೈನಲ್ಲಿ ಮಳೆ ಬರುತ್ತಾ ಅಂತ ಯಾರೂ ಬಾಜಿ ಕಟ್ಟುವುದಿಲ್ಲ. ಮಳೆ ಕಮ್ಮಿ ಇರುವ ಕಡೆ ಏರಿಳಿತವೇ ದೊಡ್ಡದು, ಸರಾಸರಿಯೇ ಸಣ್ಣದು. ಅಲ್ಲಿ ಏರಿಳಿತವನ್ನು ಹೇಳದೆ ಸರಾಸರಿ ಹೇಳುವುದು ಸುಳ್ಳು ಹೇಳಿದಷ್ಟೇ. ಮತ್ತೆ ಭೂಮಿ ಬಿಸಿಯಾಗುತ್ತಿರುವ ವಿಷಯ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಬಂದಾಗ ಭೋರ್ಗರೆದು ಬರುವುದು, ನಡುವೆ ಅಂತರ ಉದ್ದವಾಗುವುದು, ಹೀಗೆ ಎಲ್ಲವೂ ಬದಲಾಗಿಯೂ ವರ್ಷದ ಮೊತ್ತ ಇದ್ದಲ್ಲೇ ಇರಬಹುದು. ಆಗ ಸರಾಸರಿಯನ್ನೇ ನೋಡುತ್ತಾ ಕೂತವನು 'ಏನೂ ಆಗಿಲ್ಲ' ಅಂತಾನೆ.

ಹಿಂದೆ ಈ ಸೀಮೆಯಲ್ಲಿ ಬದುಕಿದವರು ಸರಾಸರಿಗೆ ಬದುಕು ಕಟ್ಟಿರಲಿಲ್ಲ. ಊರಿನ ಹೆಸರಲ್ಲೇ ಕೆರೆ ಇದೆ ನೋಡಿ. ವರ್ಷಕ್ಕೆ ಮೂರೋ ನಾಲ್ಕೋ ದೊಡ್ಡ ಮಳೆ, ಅವನ್ನು ಹಿಡಿದಿಟ್ಟರೆ ಉಂಟು ಇಲ್ಲದಿದ್ದರೆ ಇಲ್ಲ ಅನ್ನುವ ಲೆಕ್ಕದ ಇಂಜಿನಿಯರಿಂಗು ಅದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಇವತ್ತಿಗೂ ನೆನೆಯುವುದು ಕೆರೆ ಕಟ್ಟಿಸಿದ್ದಕ್ಕೆ. ಮ್ಯಾಸಬೇಡರ ದೇವರ ಎತ್ತುಗಳನ್ನು ಕಿಲಾರಿಗಳು ಮೇವಿದ್ದ ಕಡೆ ಹೊಡೆದುಕೊಂಡು ಹೋಗುತ್ತಾರೆ. ಮಳೆ ಎಲ್ಲಿ ಬಿತ್ತೋ ಅಲ್ಲಿಗೆ ನಾವು, ಮಳೆ ನಮ್ಮಲ್ಲಿಗೆ ಬರಲಿ ಅಂತ ಕಾಯೋದಲ್ಲ. ಕುರಿ, ಕಂಬಳಿ, ನವಣೆ, ಸಜ್ಜೆ, ಎಲ್ಲವೂ ಇದೇ ಲೆಕ್ಕದವು.

ಈ ಹವೆಗೆ ಹೊಂದಿ ಬೆಳೆದ ಇನ್ನೊಂದು ಅಮೃತಮಹಲ್ ಕಾವಲುಗಳ ಹುಲ್ಲು. ಎರಡು ಮಳೆಗೆ ಚಿಗುರಿ ಎಂಟು ತಿಂಗಳು ಒಣಹುಲ್ಲಾಗಿ ನಿಲ್ಲುವ ನೆಲ, ಕೃಷ್ಣಮೃಗದ ನೆಲ. ಏಪ್ರಿಲಿನಲ್ಲಿ ಬಂದು ನೋಡಿದವರಿಗೆ ಅದು ಬಂಜರು. 2009ರ ಆಸುಪಾಸಿನಲ್ಲಿ ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹಂಚಿದಾಗ ಎಲ್ಲ ಕಡೆ ಕೇಳಿಬಂದ ಮಾತು ಇದೇ, 'ಖಾಲಿ ಬಿದ್ದಿರುವ ಜಾಗ'. ಮಲೆನಾಡಿನಲ್ಲಿ ಹತ್ತು ಸಾವಿರ ಎಕರೆ ಕಾಡು ಕೊಡುತ್ತೇವೆ ಅಂದಿದ್ದರೆ ನಮ್ಮ ಬ್ಲಾಗುಗಳೆಲ್ಲ ಹೊತ್ತಿ ಉರಿಯುತ್ತಿದ್ದವು. ಉರಿಯಬೇಕಾದದ್ದೇ. ಇಲ್ಲಿ ಮಾತ್ರ ಹೊಗೆಯೂ ಏಳಲಿಲ್ಲ.

ಸಿಟ್ಟು ಬರುವುದು ಯಾಕೆಂದರೆ ಬೇಕಾದ ಡೇಟಾ ಇದೆ ಕಣ್ರೀ! 1988ರಲ್ಲೇ ಬರ ನಿಗಾ ಘಟಕ ಮಾಡಿದ ರಾಜ್ಯ ನಮ್ಮದು, ಇವತ್ತಿನ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದ ಮೂಲ ಅದೇ. ಅವರು ಗ್ರಾಮ ಪಂಚಾಯ್ತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕ ನೆಟ್ಟಿದ್ದಾರೆ, ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಬರುವ ಹಾಗೆ. ಬೇರೆ ರಾಜ್ಯದವರು ಬಂದು ನೋಡಿಕೊಂಡು ಹೋಗುವಂಥ ಜಾಲ. ಅಷ್ಟು ನುಣ್ಣಗೆ ಅಳೆದದ್ದನ್ನು ಪೇಪರಿನವರು ಮತ್ತೆ ರುಬ್ಬಿ ಜಿಲ್ಲೆಗೊಂದು ಶೇಕಡಾವಾರು ಮಾಡಿ ಅಚ್ಚು ಹಾಕುತ್ತಾರೆ. ಚಿತ್ರದುರ್ಗ ಜಿಲ್ಲೆಯಲ್ಲಿ ಹೊಳಲ್ಕೆರೆಯ ಅಡಿಕೆ ತೋಟವೂ ಇದೆ, ಮೊಳಕಾಲ್ಮೂರಿನ ಬಂಡೆಯೂ ಇದೆ. ಎರಡನ್ನೂ ಕೂಡಿಸಿ ಯಾರಿಗೆ ಹೇಳುತ್ತಿದ್ದೀರಿ?

ಇಷ್ಟು ಬೈದ ಮೇಲೆ ಒಂದು ಕೆಲಸದ ಮಾತು. ಹೋಬಳಿಗೊಂದು ಪುಟ, ಅದರಲ್ಲಿ ಮೂರೇ ಸಾಲು ಇದ್ದರೆ ಸಾಕು: ಕೊನೆಯ ಹದ ಮಳೆ ಯಾವ ತಾರೀಕು, ಅದಾಗಿ ಎಷ್ಟು ದಿನ ಆಯಿತು, ಈ ನಕ್ಷತ್ರದಲ್ಲಿ ಇಲ್ಲಿತನಕ ಎಷ್ಟು ಬಿತ್ತು. ಹದಕ್ಕೆ ಎಷ್ಟು ಮಿಲಿಮೀಟರ್ ಹಿಡಿಯಬೇಕು ಅನ್ನುವುದು ಕೆಂಪು ಮಣ್ಣಿಗೆ ಬೇರೆ, ಎರೆಗೆ ಬೇರೆ, ಅದನ್ನು ಊರಿನವರನ್ನೇ ಕೇಳಿ ಹಾಕಬೇಕು, ಆ ಜವಾಬ್ದಾರಿ ನನ್ನದು. ದಿನದ ಮಳೆ ವರದಿಗಳನ್ನು ಎಳೆದು ಟೇಬಲ್ಲಿಗೆ ಹಾಕುವ ಸ್ಕ್ರಿಪ್ಟು ಅರ್ಧ ಬರೆದಿಟ್ಟಿದ್ದೇನೆ, ಪಿಡಿಎಫ್‌ನಿಂದ ಕನ್ನಡ ಅಕ್ಷರ ಕೀಳುವಾಗ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿ ಆಗ್ತಿದೆ (ಈ ನೋವು ನಿಮಗೆ ಗೊತ್ತಲ್ಲ). ಯಾರಿಗಾದರೂ ಪೈಥಾನ್ ಬರುತ್ತಿದ್ದರೆ, ಎರಡು ಶನಿವಾರ ಪುರುಸೊತ್ತಿದ್ದರೆ, ಕೆಳಗೆ ಒಂದು ಕಾಮೆಂಟು ಹಾಕಿ. ಮಲೆನಾಡಿನವರಾದರೂ ಪರವಾಗಿಲ್ಲ :)